ಇಪ್ಪತ್ತೊಂದು ದಿನಗಳ ಪಂಚಾಂಗ



ಕ್ಯಾನ್ಸರ್ ರೋಗಕ್ಕೆ ನಾವು ಬಳಸುವ 'ಅರ್ಬುದ' ಎಂಬ ಹೆಸರು ಬಹಳ ಹಳೆಯದು. ಗಂಟಾಗಿ ಬೆಳೆಯುವ ಬೇನೆಗೆ ಸುಶ್ರುತಸಂಹಿತೆಯಲ್ಲಿಯೇ ಈ ಹೆಸರು ಬಂದಿದೆ. ಎಣಿಕೆಯಲ್ಲಿಯೂ ಅರ್ಬುದವೆಂದರೆ ಒಂದು ಭಾರಿ ಸಂಖ್ಯೆ. ಗ್ರೀಕರು ಅದೇ ಗಂಟಿನಲ್ಲಿ ಏಡಿಯನ್ನು ಕಂಡು, ಏಡಿಯ ಹೆಸರನ್ನೇ ರೋಗಕ್ಕೆ ಇಟ್ಟರು. ಪಂಡಿತರಿಗೆ ಇದು ರುಚಿಕರವಾದ ಚರ್ಚೆ. ಆದರೆ ರೋಗವು ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಮನೆಯವರಿಗೆ ಬೇಕಾಗುವುದು ಹೆಸರಿನ ವ್ಯುತ್ಪತ್ತಿಯಲ್ಲ. ಇಂದು ಅಡಿಗೆ ಏನು, ನಾಳೆ ಯಾರು ಮನೆಯಲ್ಲಿರುತ್ತಾರೆ, ಹಬ್ಬಕ್ಕೆ ನೆಂಟರನ್ನು ಕರೆಯಬಹುದೇ, ರೋಗಿ ತನ್ನ ಇಷ್ಟದ ಕೆಲಸಕ್ಕೆ ಕೈ ಹಚ್ಚಬಹುದೇ ಎಂಬ ಸಣ್ಣ ಪ್ರಶ್ನೆಗಳಿಗೆ ಉತ್ತರ ಬೇಕು. ಇವು ಸಣ್ಣವೆಂದೇ ಯಾರೂ ಇವುಗಳ ವಿಷಯ ಮಾತಾಡುವುದಿಲ್ಲ. ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಅವುಗಳನ್ನು ಕುರಿತೇ.

ನಾನು ವೈದ್ಯನಲ್ಲ, ಹಳಗನ್ನಡ ಪಾಠ ಹೇಳಿ ನಿವೃತ್ತನಾದವನು. 2022ರ ಜೂನಿನಲ್ಲಿ ನನ್ನ ಹೆಂಡತಿಗೆ ಎಡ ಸ್ತನದ ಕ್ಯಾನ್ಸರಿಗಾಗಿ ಶಸ್ತ್ರಚಿಕಿತ್ಸೆಯಾಯಿತು. ಜುಲೈಯಿಂದ ಡಿಸೆಂಬರಿನವರೆಗೆ ಎಂಟು ಸಲ ಕಿಮೋಥೆರಪಿ, ಮರುವರ್ಷದ ಜನವರಿಯಲ್ಲಿ ವಿಕಿರಣ ಚಿಕಿತ್ಸೆ. ಧಾರವಾಡದ ನಮ್ಮ ಮನೆಯಲ್ಲಿ ಆ ಎಂಟು ತಿಂಗಳು ಹೇಗೆ ಸಾಗಿದವು ಎಂಬುದೇ ನನ್ನ ಮಾತಿಗೆ ಆಧಾರ.

ಹಿಂದೆ, ಅಂದರೆ 1970ರ ದಶಕದವರೆಗೂ, ಈ ರೋಗ ಬಂದವರನ್ನು ನಮ್ಮ ಕಡೆಯಿಂದ ಮುಂಬಯಿಗೆ ಒಯ್ಯುವುದು ವಾಡಿಕೆಯಾಗಿತ್ತು. ಅಲ್ಲಿನ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಆರಂಭವಾದದ್ದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಚಿಕಿತ್ಸೆಯೆಂದರೆ ಮನೆ ಬಿಟ್ಟು ಪರಊರಿನಲ್ಲಿ ಬಾಡಿಗೆ ಕೋಣೆ ಹಿಡಿದು ತಿಂಗಳುಗಟ್ಟಲೆ ಇರುವುದು ಎಂದೇ ಅರ್ಥ. ಈಗ ಅನೇಕರಿಗೆ ಹಾಗಿಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ಸಲಾಯಿನ್ ಮೂಲಕ ಔಷಧಿಯನ್ನು ಏರಿಸಿಕೊಂಡು, ಸಂಜೆ ತಮ್ಮ ಮನೆಯಲ್ಲಿಯೇ ಊಟ ಮಾಡಬಹುದು. 1990ರ ದಶಕದ ಆರಂಭದಲ್ಲಿ ಒಂಡಾನ್ಸೆಟ್ರಾನ್ ಎಂಬ, ವಾಂತಿಯನ್ನು ತಡೆಯುವ ಔಷಧಿ ಬಳಕೆಗೆ ಬಂದದ್ದು ಇದಕ್ಕೆ ಬಲು ದೊಡ್ಡ ಸಹಾಯವಾಯಿತು. ಇದರಿಂದ ಆದ ಬದಲಾವಣೆಯನ್ನು ಗಮನಿಸಬೇಕು. ಔಷಧಿ ಕೊಡುವುದು ಒಂದು ದಿನ ಆಸ್ಪತ್ರೆಯಲ್ಲಿ. ಅದನ್ನು ಅನುಭವಿಸುವುದು ಇಪ್ಪತ್ತು ದಿನ ಮನೆಯಲ್ಲಿ. ಮನೆಯೇ ಚಿಕಿತ್ಸೆಯ ಹೆಚ್ಚಿನ ಭಾಗವಾಗಿಬಿಟ್ಟಿದೆ.

ಈ ಇಪ್ಪತ್ತೊಂದು ದಿನಗಳಿಗೆ ತಮ್ಮದೇ ಆದ ಒಂದು ಪಂಚಾಂಗವಿದೆ. ಕಿಮೋಥೆರಪಿಯ ಔಷಧಿಗಳು ವೇಗವಾಗಿ ಇಬ್ಭಾಗವಾಗುವ ಜೀವಕೋಶಗಳನ್ನು ಹೊಡೆಯುತ್ತವೆ. ರೋಗದ ಕೋಶ ಯಾವುದು, ಮನೆಯ ಕೋಶ ಯಾವುದು ಎಂಬ ವಿವೇಚನೆ ಅವುಗಳಿಗೆ ಅಷ್ಟಾಗಿ ಇಲ್ಲ. ಕೂದಲಿನ ಬೇರು, ಬಾಯಿಯ ಒಳಪೊರೆ, ಕರುಳು, ಎಲುಬಿನೊಳಗೆ ರಕ್ತವನ್ನು ಹುಟ್ಟಿಸುವ ಮಜ್ಜೆ, ಇವೆಲ್ಲ ಸದಾ ಹೊಸದಾಗುತ್ತಿರುವ ಜಾಗಗಳಾದ್ದರಿಂದ ಪೆಟ್ಟು ಅವುಗಳಿಗೂ ಬೀಳುತ್ತದೆ. ಮೊದಲ ಎರಡು ದಿನ ರೋಗಿ ನಾವು ಹೆದರಿದಷ್ಟು ಬಳಲಿರುವುದಿಲ್ಲ. ಔಷಧಿಯ ಜೊತೆ ಕೊಡುವ ಸ್ಟಿರಾಯ್ಡಿನಿಂದಾಗಿ ಕೆನ್ನೆ ಕೆಂಪೇರಿ, ನಿದ್ದೆ ಹಾರಿಹೋಗಿರುತ್ತದೆ. ಮೂರನೆಯ ದಿನದಿಂದ ಆರು ಏಳನೆಯ ದಿನದವರೆಗೆ ಸುಸ್ತು, ವಾಕರಿಕೆ, ನಾಲಗೆಗೆ ಲೋಹದ ರುಚಿ. ಸುಮಾರು ಏಳರಿಂದ ಹದಿನಾಲ್ಕನೆಯ ದಿನದ ನಡುವೆ ರಕ್ತದ ಬಿಳಿಕಣಗಳು ತೀರ ಕೆಳಗಿಳಿಯುತ್ತವೆ. ರೋಗಿ ನೋಡಲು ಚೇತರಿಸಿದಂತೆ ಕಾಣುತ್ತಾಳೆ, ಆದರೆ ಮೈಯ ಕಾವಲುಗಾರರು ಊರಲ್ಲಿಲ್ಲ. ಮೂರನೆಯ ವಾರದಲ್ಲಿ ಕಣಗಳು ಮರಳಿ ಬರುತ್ತವೆ, ಬಾಯಿಗೆ ರುಚಿ ಬರುತ್ತದೆ, ಮನುಷ್ಯ ಮೊದಲಿನಂತಾಗುತ್ತಾನೆ. ಅಷ್ಟರಲ್ಲಿ ಮುಂದಿನ ಸುತ್ತು. ಎಲ್ಲರಿಗೂ ಇದೇ ಲೆಕ್ಕ ಹೊಂದುತ್ತದೆಂದಲ್ಲ. ಔಷಧಿ ಬೇರೆಯಾದರೆ ದಿನಗಳೂ ಬೇರೆಯಾಗುತ್ತವೆ. ಅವರವರ ಲೆಕ್ಕವನ್ನು ಅವರವರ ವೈದ್ಯರಿಂದ ಮೊದಲ ದಿನವೇ ಕೇಳಿ ಬರೆದುಕೊಳ್ಳಬೇಕು.

ನಾವು ಬರೆದುಕೊಂಡೆವು, ಗೋಡೆಯ ಕ್ಯಾಲೆಂಡರಿನ ಮೇಲೆ. ಆಗ ತಿಳಿದದ್ದು, ಎರಡು ಪಂಚಾಂಗಗಳಿಗೆ ಹೊಂದಾಣಿಕೆ ಮಾಡುವುದು ಸುಲಭವಲ್ಲ ಎಂಬುದು. ಜುಲೈ 12ಕ್ಕೆ ಮೊದಲನೆಯ ಸುತ್ತು. ಎರಡನೆಯದು ಆಗಸ್ಟ್ 2, ಸರಿಯಾಗಿ ನಾಗರಪಂಚಮಿಯ ದಿನ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಪಂಚಮಿಯೆಂದರೆ ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಆಸ್ಪತ್ರೆಯ ಪಂಚಾಂಗವನ್ನು ಕದಲಿಸುವಂತಿಲ್ಲವಾದ್ದರಿಂದ ನಾವು ಹಬ್ಬದ ಅಡಿಗೆಯನ್ನೇ ಹಿಂದೆ ಸರಿಸಿದೆವು. ಮೊದಲ ಸುತ್ತಿನ ಮೂರನೆಯ ವಾರದಲ್ಲಿ, ಆಕೆಗೆ ಮೈ ಹಗುರಾಗಿದ್ದ ದಿನಗಳಲ್ಲಿ, ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು ಎಲ್ಲ ಆದವು. ಕೂದಲು ಉದುರಲು ಆರಂಭವಾದದ್ದೂ ಅದೇ ವಾರ. ತಲೆಗೆ ಸೆರಗು ಬಿಗಿದುಕೊಂಡು ಮಣೆಯ ಮೇಲೆ ಕುಳಿತು, ಬೆಲ್ಲದ ಪಾಕ ಎಷ್ಟು ಎಳೆ ಬಂದಿದೆಯೆಂದು ಕೇಳುತ್ತ ಉಂಡಿ ಕಟ್ಟಿಸಿದಳು.

ಇಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಬರುತ್ತದೆ. ಮನೆಯಲ್ಲಿ ಒಬ್ಬರಿಗೆ ಈ ರೋಗ ಬಂತೆಂದರೆ ಉಳಿದವರೆಲ್ಲ ಪ್ರೀತಿಯಿಂದ ಮಾಡುವ ಮೊದಲ ಕೆಲಸವೆಂದರೆ, ರೋಗಿಯ ಕೈಯಲ್ಲಿರುವುದನ್ನೆಲ್ಲ ಕಸಿದುಕೊಳ್ಳುವುದು. ಸೌಟು ಕಸಿಯುತ್ತಾರೆ, ಕಸಬರಿಗೆ ಕಸಿಯುತ್ತಾರೆ, ಕೊನೆಗೆ ಸೂಜಿಯನ್ನೂ ಕಸಿಯುತ್ತಾರೆ. ನನ್ನ ನಾದಿನಿ ಬೆಳಗಾವಿಯಿಂದ ಬಂದು ಒಂದು ತಿಂಗಳು ನಮ್ಮಲ್ಲಿದ್ದು ಮಾಡಿದ ಸೇವೆ ಮರೆಯುವಂಥದಲ್ಲ. ಆದರೆ ಆಕೆ ಅಕ್ಕನನ್ನು ಮಂಚದಿಂದ ಇಳಿಯಗೊಡುತ್ತಿರಲಿಲ್ಲ. ಒಂದು ದಿನ ಅಡಿಗೆಮನೆಯಿಂದ ನನ್ನ ಹೆಂಡತಿಯ ದನಿ ಕೇಳಿಸಿತು: "ಪಲ್ಯ ಸೋಸೂದನ್ನರ ನನಗ ಬಿಡವಾ ತಂಗಿ. ಎಲ್ಲಾ ಕೆಲಸಾ ಕಸಗೊಂಡು ಕುಂಡ್ರಿಸಿದ್ರ ನಾ ಬರೇ ಜಡ್ಡಿನಾಕಿ ಆಗಿ ಉಳೀತೀನಿ." ಮೆಂತ್ಯಪಲ್ಯದ ಸೂಡು ಆಕೆಯ ಮಡಿಲಿಗೆ ಬಂತು.

ಇದು ಬರಿಯ ಭಾವನೆಯ ಮಾತಲ್ಲ. ಚಿಕಿತ್ಸೆಯ ಕಾಲದ ಆಯಾಸವು ದುಡಿದು ದಣಿದವರ ಆಯಾಸದಂಥದಲ್ಲ. ಮಲಗಿದಷ್ಟಕ್ಕೆ ಅದು ಹೋಗುವುದಿಲ್ಲ. ತಾಳುವಷ್ಟು ನಡಿಗೆ, ತಾಳುವಷ್ಟು ಕೆಲಸ ಈ ಆಯಾಸವನ್ನು ಕಡಿಮೆ ಮಾಡುತ್ತದೆಂಬುದು ಈಗ ವೈದ್ಯರೆಲ್ಲ ಒಪ್ಪಿದ ವಿಷಯ. ಆದ್ದರಿಂದ ಯಾವುದನ್ನು ಕೈಯಿಂದ ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು, ಯಾವ ದಿನ ಬಿಡಬೇಕು ಎಂಬುದನ್ನು ಪಂಚಾಂಗ ನೋಡಿ, ರೋಗಿಯನ್ನೇ ಕೇಳಿ ನಿರ್ಧರಿಸಬೇಕು. ಭಾರ ಎತ್ತುವುದನ್ನು ತೆಗೆದುಕೊಂಡೆವು. ತೋಟದ ಮಣ್ಣು ಅಗೆಯುವುದನ್ನೂ ತೆಗೆದುಕೊಂಡೆವು. ಬಿಳಿಕಣ ಇಳಿದಿರುವಾಗ ಮಣ್ಣು ಗೊಬ್ಬರಗಳಲ್ಲಿರುವ ಶಿಲೀಂಧ್ರದ ಕಣಗಳು ಪುಪ್ಪುಸಕ್ಕೆ ಸೇರಿದರೆ ಅಪಾಯ. ತುಳಸಿಗೆ ನೀರು ಹಾಕುವುದು ಆಕೆಯ ಪಾಲಿಗೇ ಉಳಿಯಿತು.

ಊಟದ ವಿಷಯ ಹೆಚ್ಚು ಹೇಳುವುದಿಲ್ಲ. ಬಾಯಿ ಹುಣ್ಣಾದಾಗ ಜೋಳದ ರೊಟ್ಟಿ ಮುಳ್ಳಿನಂತೆ ಚುಚ್ಚುತ್ತದೆ. ಅದೇ ಜೋಳದ ನುಚ್ಚು ಮಜ್ಜಿಗೆಯ ಜೊತೆ ಇಳಿಯುತ್ತದೆ. ರೊಟ್ಟಿಯ ಬದಿಗೆ ಹಸಿ ಉಳ್ಳಾಗಡ್ಡಿ, ಮೂಲಂಗಿ ಇಟ್ಟುಕೊಳ್ಳುವ ನಮ್ಮ ರೂಢಿಯನ್ನು ಎರಡನೆಯ ವಾರದಲ್ಲಿ ಬಿಟ್ಟೆವು. ಸ್ಟೀಲಿನ ಚಮಚೆಯಿಂದ ಲೋಹದ ರುಚಿ ಹೆಚ್ಚಾಗುತ್ತದೆಂದು ಆಕೆ ಮರದ ಚಮಚೆ ಹಿಡಿದಳು. ಅರವತ್ತು ದಾಟಿದ ಮೇಲೆ ನಾನು ನುಚ್ಚು ಬೇಯಿಸಲು ಕಲಿತೆ. ಗಂಟಾಗದಂತೆ ಬೇಯಿಸುವುದು ಛಂದಸ್ಸಿನ ಪಾಠಕ್ಕಿಂತ ಸುಲಭವೇನಲ್ಲ.

ಎರಡನೆಯ ವಾರದ ಎಚ್ಚರವನ್ನು ಮಾತ್ರ ಒತ್ತಿ ಹೇಳಬೇಕು. 2022ರ ಗಣೇಶ ಚತುರ್ಥಿ ಆಗಸ್ಟ್ 31ಕ್ಕೆ ಬಂತು. ಅದು ನಮ್ಮ ಮೂರನೆಯ ಸುತ್ತಿನ ಒಂಬತ್ತನೆಯ ದಿನ. ಬಂದವರನ್ನು ಹೊರಗಿನ ಕಟ್ಟೆಯ ಮೇಲೆಯೇ ಕೂರಿಸಿ, ಪ್ರಸಾದ ಕೊಟ್ಟು ಕಳಿಸಿದೆವು. ಕೆಲವರಿಗೆ ಸಿಟ್ಟು ಬಂತು, ಬರಲಿ. ಮರುದಿನ ರಾತ್ರಿ ಆಕೆಯ ಮೈ ಬೆಚ್ಚಗಾಯಿತು. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗುವುದನ್ನು ಕಾಯಬಾರದು, ಜ್ವರದ ಗುಳಿಗೆ ನುಂಗಿಸಿ ನೋಡೋಣವೆನ್ನಬಾರದು ಎಂದು ಮೊದಲೇ ಹೇಳಿದ್ದರು. ಗುಳಿಗೆಯು ಜ್ವರವನ್ನು ಮುಚ್ಚುತ್ತದೆಯೇ ಹೊರತು ಸೋಂಕನ್ನಲ್ಲ. ಕಾವಲಿಲ್ಲದ ಮೈಯಲ್ಲಿ ಸೋಂಕು ಗಂಟೆಗಳ ಲೆಕ್ಕದಲ್ಲಿ ಹಬ್ಬುತ್ತದೆ. ಚೀಲ ಸಿದ್ಧವಿತ್ತು. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆ ಸೇರಿದೆವು, ನಾಲ್ಕನೆಯ ದಿನ ಮನೆಗೆ ಬಂದೆವು.

ಇನ್ನು ಹವ್ಯಾಸದ ಮಾತು. ನನ್ನ ಹೆಂಡತಿ ಕಸೂತಿ ಹಾಕುವವಳು. ತಾಯಿಯಿಂದ ಕಲಿತದ್ದು. 'ಕೈ' ಮತ್ತು 'ಸೂತಿ' ಸೇರಿ ಕಸೂತಿಯಾಯಿತೆಂದು ಹೇಳುವುದು ವಾಡಿಕೆ. 'ಕಶೀದಾ' ಎಂಬ ಪಾರಸಿ ಮಾತಿನ ನೆರಳೂ ಅದರ ಮೇಲೆ ಬಿದ್ದಿರಬಹುದೆಂಬುದು ನನ್ನ ಗುಮಾನಿ. ಇದರಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಹೋಗುವುದೇ ವಿಧಾನ. ಗವಂತಿಯಲ್ಲಿ ದಾರ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ ಹೋಗಿ, ಬಿಟ್ಟ ಜಾಗಗಳನ್ನು ಹಿಂತಿರುಗುವಾಗ ತುಂಬುತ್ತದೆ. ಮುರ್ಗಿಯಲ್ಲಿ ಅದೇ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಈ ಎರಡರಲ್ಲಿಯೂ ಗಂಟು ಹಾಕುವಂತಿಲ್ಲ, ಮುಂದೆ ಹಿಂದೆ ಎರಡು ಕಡೆಯೂ ಒಂದೇ ಚಿತ್ರ ಕಾಣಬೇಕು. ನೇಯ್ದಂತೆ ತೋರುವ ನೇಗಿ, ಮೆಂತ್ಯದ ಕಾಳು ಚೆಲ್ಲಿದಂತೆ ಅಡ್ಡಡ್ಡವಾಗಿ ಬೀಳುವ ಮೆಂತೆ, ಇವು ಬೇರೆ. ಒಂದು ಎಳೆ ತಪ್ಪಿದರೆ ತೇರಿನ ಕಳಸ ವಾರೆಯಾಗುತ್ತದೆ. ಬೆರಳ ತುದಿಯೇ ಇಲ್ಲಿ ಕಣ್ಣು.

ಶಸ್ತ್ರಚಿಕಿತ್ಸೆಯಲ್ಲಿ ಎಡ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಿದ್ದರು. ಅಂಥ ಕೈಗೆ ಗಾಯವಾಗಿ ಸೋಂಕು ತಗಲಿದರೆ ಬಾವು ಬಂದು ನಿಲ್ಲುವ ಸಂಭವವಿದೆ. ಕಸೂತಿಯಲ್ಲಿ ಸೂಜಿ ಹಿಡಿಯುವುದು ಬಲಗೈಯಾದರೂ ಬಟ್ಟೆಯ ಕೆಳಗಿದ್ದು ಚುಚ್ಚಿಸಿಕೊಳ್ಳುವುದು ಎಡಗೈ. ಇದನ್ನು ಆಕೆಯೇ ವೈದ್ಯರಿಗೆ ತಿಳಿಸಿದಳು. ಅವರು ಬೇಡವೆನ್ನಲಿಲ್ಲ. ದರ್ಜಿಗಳು ಬೆರಳ ತುದಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿಗೆಯನ್ನು ಎಡಗೈಯ ಬೆರಳಿಗೆ ಹಾಕಿಕೊಳ್ಳಿ, ಮೊಂಡ ಸೂಜಿ ಬಳಸಿ, ಎರಡನೆಯ ವಾರದಲ್ಲಿ ಬಿಡುವು ಕೊಡಿ ಎಂದರು. ಹೀಗೆ ಪ್ರತಿ ಸುತ್ತಿನಲ್ಲಿ ಒಂದು ವಾರ ಕಸೂತಿಯ ವಾರವಾಯಿತು. ಮೊಮ್ಮಗಳಿಗೆಂದು ಆರಂಭಿಸಿದ ಕರಿಯ ಸೀರೆಯ ಸೆರಗಿನಲ್ಲಿ ಮೊದಲ ನಾಲ್ಕು ಸುತ್ತುಗಳಲ್ಲಿ ಒಂದು ತುಳಸಿಕಟ್ಟೆ, ಎರಡು ಆನೆ ಮೂಡಿದವು.

ಆಸ್ಪತ್ರೆಯಲ್ಲಿ ಕುಳಿತ ಹೊತ್ತಿನಲ್ಲಿ ಮಾತ್ರ ಹೊಲಿಯುವಂತಿರಲಿಲ್ಲ. ಎಡಗೈಗೆ ಸೂಜಿ ಚುಚ್ಚಬಾರದಾದ್ದರಿಂದ ಔಷಧಿ ಹರಿಯುತ್ತಿದ್ದದ್ದು ಬಲಗೈಗೆ. ಮೊದಲ ನಾಲ್ಕು ಸುತ್ತಿನ ಡಾಕ್ಸೊರುಬಿಸಿನ್ ಕುಂಕುಮದ ನೀರಿನಂತೆ ಕೆಂಪಗಿರುತ್ತದೆ. ನರದಿಂದ ಹೊರಗೆ ಸೋರಿದರೆ ಮಾಂಸವನ್ನೇ ಸುಡುತ್ತದೆ, ಕೈ ಅಲುಗಿಸಕೂಡದು. ಈ ಔಷಧಿಯ ಹಿಂದಿನ ಕಥೆ ನನಗೆ ಬಹಳ ಹಿಡಿಸಿತು. ಇಟಲಿಯಲ್ಲಿ, 13ನೆಯ ಶತಮಾನದ ಕೋಟೆಯಾದ ಕ್ಯಾಸ್ಟೆಲ್ ದೆಲ್ ಮೊಂಟೆಯ ಬಳಿಯ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿಯ ಸಂತತಿಯಿಂದ ಇದು ದೊರೆಯಿತು. ಹತ್ತಿರದ ಏಡ್ರಿಯಾಟಿಕ್ ಸಮುದ್ರದಿಂದ 'ಏಡ್ರಿಯಾಮೈಸಿನ್' ಎಂಬ ಇನ್ನೊಂದು ಹೆಸರೂ ಬಂತು. ಮಣ್ಣಿನಿಂದ ರೋಗಿಯನ್ನು ದೂರವಿಡಿ ಎನ್ನುವವರು ಮಣ್ಣಿನಿಂದಲೇ ಔಷಧಿಯನ್ನು ತೆಗೆದಿದ್ದಾರೆ! ನಮ್ಮ ಅಂಗಳದಲ್ಲಿ ಯಾರೂ ಕೇಳದೆ ಬೆಳೆಯುವ ಕಾಶಿಕಣಗಿಲೆಯಿಂದಲೂ, 1950ರ ದಶಕದ ಕೊನೆಯಲ್ಲಿ ಕೆನಡಾದ ವಿಜ್ಞಾನಿಗಳು ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿಯನ್ನು ಪಡೆದರು. ಹಾಗೆಂದು ಆ ಎಲೆಯನ್ನು ಅರೆದು ಕುಡಿಯಿರೆಂದು ಹೇಳಲು ಬಂದವರನ್ನು ನಾನು ಕಟ್ಟೆಯಿಂದಲೇ ಬೀಳ್ಕೊಟ್ಟೆ. ಎಲೆಯಲ್ಲಿರುವುದು ವಿಷ, ಅದನ್ನು ಶೋಧಿಸಿ, ತೂಗಿ ಕೊಟ್ಟಾಗ ಮಾತ್ರ ಔಷಧಿ.

ಕೈ ಅಲುಗಿಸದೆ ಕುಳಿತ ಆ ಹೊತ್ತುಗಳಲ್ಲಿ ನನ್ನ ಹವ್ಯಾಸ ಕೆಲಸಕ್ಕೆ ಬಂತು. ಧಾರವಾಡದ ಆಡುಮಾತಿನ ಶಬ್ದಗಳನ್ನು ಚೀಟಿಗಳಲ್ಲಿ ಬರೆದಿಡುವುದು ನನ್ನ ಬಹುಕಾಲದ ಗೀಳು. ಆಕೆ ಕಸೂತಿಯ ಹೆಸರುಗಳನ್ನು ಹೇಳುತ್ತ ಹೋದಳು, ನಾನು ಬರೆದುಕೊಂಡೆ. ಗೋಪುರ, ತೇರು, ಪಲ್ಲಕ್ಕಿ, ತೊಟ್ಟಿಲು, ಕಮಲ. ಸೆರಗಿನ ಯಾವ ಭಾಗಕ್ಕೆ ಯಾವುದು, ಯಾವುದಕ್ಕೆ ಎಷ್ಟು ಎಳೆ. ಪಕ್ಕದ ಕುರ್ಚಿಯಲ್ಲಿ ಔಷಧಿ ಏರಿಸಿಕೊಳ್ಳುತ್ತಿದ್ದ ನರಗುಂದದ ಕಡೆಯ ತಾಯಿಯೊಬ್ಬರು ತಾವಾಗಿಯೇ ಎರಡು ಹೆಸರು ಸೇರಿಸಿದರು. ಎಂಟು ಸುತ್ತು ಮುಗಿಯುವಷ್ಟರಲ್ಲಿ ಅರವತ್ತೆರಡು ಚೀಟಿಗಳಾದವು. ರೋಗಿಯ ಆರೈಕೆಗೆ ನಿಂತವನು ತನ್ನ ಹವ್ಯಾಸವನ್ನು ಅಟ್ಟಕ್ಕೆ ಹಾಕಬೇಕೆಂಬುದು ಒಂದು ಹುಸಿ ತ್ಯಾಗವೆಂದು ನನ್ನ ಅಭಿಪ್ರಾಯ. ಎದುರಿಗೆ ಕುಳಿತು ದಿನವಿಡೀ ಮುಖವನ್ನೇ ನೋಡುವ ಗಂಡನಿಂದ ಯಾವ ಹೆಂಗಸಿಗೆ ತಾನೆ ಸುಖ?

ಸ್ಟಿರಾಯ್ಡಿನಿಂದ ನಿದ್ದೆಯಿಲ್ಲದ ರಾತ್ರಿಗಳಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಕಾದಂಬರಿಯ ಎಳೆ ಆಕೆಗೆ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ನಾ. ಕಸ್ತೂರಿಯವರ 'ಅನರ್ಥಕೋಶ' ಒದಗಿಬಂತು. ಅದು ನಗೆಯ ನಿಘಂಟು. ಎಲ್ಲಿ ತೆರೆದರೂ ಆರಂಭ, ಎಲ್ಲಿ ಮುಚ್ಚಿದರೂ ಮುಕ್ತಾಯ.

ಐದನೆಯ ಸುತ್ತಿನಿಂದ ಔಷಧಿ ಬದಲಾಯಿತು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇದು ಮೊದಲು ದೊರೆತದ್ದು ಅಮೆರಿಕದ ಪಶ್ಚಿಮ ಕರಾವಳಿಯ ಕಾಡುಗಳ ಒಂದು ಮರದ ತೊಗಟೆಯಿಂದ. ಇದು ಕೆಲಸ ಮಾಡುವ ಬಗೆ ಬೇರೆ. ಜೀವಕೋಶವು ಎರಡಾಗುವಾಗ ಅದರ ವರ್ಣತಂತುಗಳನ್ನು ಎರಡು ಬದಿಗೆ ಎಳೆದುಕೊಳ್ಳಲು ಎಳೆಗಳಂಥ ಅತಿ ಸೂಕ್ಷ್ಮವಾದ ನಳಿಗೆಗಳಿರುತ್ತವೆ. ಕೆಲಸ ಮುಗಿದ ಮೇಲೆ ಅವು ಕಳಚಿಕೊಳ್ಳಬೇಕು. ಈ ಔಷಧಿ ಅವುಗಳನ್ನು ಕಳಚಲಾಗದಂತೆ ಬಿಗಿದುಬಿಡುತ್ತದೆ; ಕೋಶ ಎರಡಾಗಲಾರದೆ ಸಾಯುತ್ತದೆ. ತೊಂದರೆಯೆಂದರೆ, ಅಂಥವೇ ನಳಿಗೆಗಳು ನಮ್ಮ ನರಗಳಲ್ಲಿಯೂ ಇವೆ. ಬೆನ್ನುಹುರಿಯ ಬಳಿಯಿಂದ ಬೆರಳ ತುದಿಯವರೆಗೆ ಪೋಷಕ ಸಾಮಗ್ರಿ ಸಾಗುವುದು ಅವುಗಳ ಗುಂಟ. ಆದ್ದರಿಂದ ಅತಿ ಉದ್ದವಾದ ನರಗಳ ತುದಿಗಳು, ಎಂದರೆ ಕಾಲಿನ ಮತ್ತು ಕೈಯ ಬೆರಳುಗಳು, ಮೊದಲು ಜೋಮು ಹಿಡಿಯುತ್ತವೆ.

ಆರನೆಯ ಸುತ್ತಿನ ಮೂರನೆಯ ವಾರ, ನವೆಂಬರಿನ ಒಂದು ಬೆಳಿಗ್ಗೆ, ಕಿಟಕಿಯ ಬಳಿ ಕುಳಿತಿದ್ದ ಆಕೆ ಹೇಳಿದಳು: "ಬೆರಳಾಗ ಸೂಜಿ ಐತೋ ಇಲ್ಲೋ ಗೊತ್ತಾಗವಲ್ದು ನೋಡ್ರಿ." ಮೊದಲ ಸುತ್ತುಗಳಲ್ಲಿ ಬೆರಳಿತ್ತು, ಶಕ್ತಿಯಿರಲಿಲ್ಲ, ಈಗ ಶಕ್ತಿ ಕೊಂಚ ಮರಳಿದರೆ ಬೆರಳೇ ಕೈಕೊಟ್ಟಿತು. ಆಕೆ ಅತ್ತದ್ದನ್ನು ಆ ಎಂಟು ತಿಂಗಳಲ್ಲಿ ನಾನು ನೋಡಿದ್ದು ಅಂದು ಮಾತ್ರ. ಕೂದಲಿಗೂ ಅತ್ತಿರಲಿಲ್ಲ.

ಮುಂದಿನ ಭೇಟಿಯಲ್ಲಿ ವೈದ್ಯರು ಎಲ್ಲ ರೋಗಿಗಳಿಗೂ ಕೇಳುವ ಪ್ರಶ್ನೆ ಕೇಳಿದರು: ಕುಪ್ಪಸದ ಗುಂಡಿ ಹಾಕಿಕೊಳ್ಳಲು ಬರುತ್ತದೆಯೆ? ಬರುತ್ತಿತ್ತು. ಗುಂಡಿಯೊಂದನ್ನೇ ಅಳತೆಗೋಲಾಗಿ ಹಿಡಿದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆಕೆ ಸೆರಗನ್ನು ಬಿಚ್ಚಿ, ಗೋಪುರದ ಎರಡು ಸಾಲು ವಾರೆಯಾದದ್ದನ್ನು ತೋರಿಸಿದಳು. ವೈದ್ಯರು ಬಟ್ಟೆಯನ್ನು ಹೊರಳಿಸಿ ಹಿಂಬದಿಯನ್ನೂ ನೋಡಿದರು. ಏಳನೆಯ ಸುತ್ತಿನಿಂದ ಔಷಧಿಯ ಪ್ರಮಾಣವನ್ನು ಸ್ವಲ್ಪ ಇಳಿಸಿದರು. ಈ ಜೋಮು ಸುತ್ತಿನಿಂದ ಸುತ್ತಿಗೆ ಸಂಚಯವಾಗುತ್ತ ಹೋಗುವಂಥದು. ಮುಚ್ಚಿಟ್ಟಷ್ಟೂ ಉಳಿದುಬಿಡುವ ಭಯ ಹೆಚ್ಚು. ಹಾರ್ಮೋನಿಯಂ ನುಡಿಸುವವರಿಗೆ, ಹೂ ಕಟ್ಟುವವರಿಗೆ, ರಂಗೋಲಿಯ ಎಳೆ ಬಿಡುವವರಿಗೆ ಗುಂಡಿ ತಪ್ಪುವುದಕ್ಕೆ ಎಷ್ಟೋ ಮೊದಲೇ ಇದು ತಿಳಿಯುತ್ತದೆ. ಹವ್ಯಾಸವೆಂದರೆ ರೋಗಿಯ ಕಾಲಹರಣ ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ಸೀರೆಯನ್ನು ಮಡಿಚಿಟ್ಟು, ಎಳೆಗಳು ದಪ್ಪಗೆ ಬಿಡಿಬಿಡಿಯಾಗಿ ಕಾಣುವ ಮ್ಯಾಟಿ ಬಟ್ಟೆಯನ್ನು ತಂದೆವು. ಅದರ ಮೇಲೆ ಆಕೆ ಹಗಲು ಬೆಳಕಿನಲ್ಲಿ, ದಿನಕ್ಕೆ ಅರ್ಧ ಗಂಟೆ, ಬರಿಯ ಮೆಂತೆ ಹಾಕುತ್ತಿದ್ದಳು. ಜನವರಿಯ ವಿಕಿರಣ ಚಿಕಿತ್ಸೆ ವಾರಕ್ಕೆ ಐದು ದಿನದಂತೆ ಹದಿನೈದು ಸಲ. ಯಂತ್ರದ ಕೆಳಗೆ ಕೆಲವೇ ನಿಮಿಷ, ಹುಬ್ಬಳ್ಳಿಗೆ ಹೋಗಿಬರಲು ಅರ್ಧ ದಿನ. ಹೋಗುವಾಗ ಚಿಗರಿ ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದು ಸೂಜಿಗೆ ದಾರ ಪೋಣಿಸುವ ಅಭ್ಯಾಸ ಮಾಡುತ್ತಿದ್ದಳು. ನವಲೂರು ದಾಟುವುದರೊಳಗೆ ಪೋಣಿಸಿದರೆ ಆಕೆ ಗೆದ್ದಂತೆ.

ಕೈಬೆರಳುಗಳು 2023ರ ಮಳೆಗಾಲದ ಹೊತ್ತಿಗೆ ಬಹುಮಟ್ಟಿಗೆ ಮರಳಿದವು. ಕಾಲ ಬೆರಳುಗಳ ಜೋಮು ಇನ್ನೂ ಉಳಿದಿದೆ. ಬಚ್ಚಲಲ್ಲಿ ಜಾರದಂತೆ ಚಾಪೆ ಹಾಕಿದ್ದೇವೆ. ದಿನಕ್ಕೊಂದು ಗುಳಿಗೆ, ಆರು ತಿಂಗಳಿಗೊಮ್ಮೆ ತಪಾಸಣೆ ನಡೆದಿವೆ. ವಾರೆಯಾದ ಎರಡು ಸಾಲುಗಳನ್ನು ಬಿಚ್ಚದೆ ಹಾಗೆಯೇ ಬಿಟ್ಟು, ಸೆರಗನ್ನು ಮುಂದುವರಿಸಿದ್ದಾಳೆ.

ಚಿಕಿತ್ಸೆಯ ತಿಂಗಳುಗಳಲ್ಲಿ ಆಕೆಗೆ ಬಳಕೆಯ ಮಾತುಗಳೇ ಒಮ್ಮೊಮ್ಮೆ ನಾಲಗೆಗೆ ಬರುತ್ತಿರಲಿಲ್ಲ. ಇದೂ ಈ ಚಿಕಿತ್ಸೆಯಲ್ಲಿ ಅನೇಕರಿಗೆ ಆಗುವಂಥದೇ. ನಿಧಾನವಾಗಿ ಅವು ಮರಳಿದವು. ಒಂದು ಮಾತ್ರ ಮರಳಿಲ್ಲ. ನಡುವೆ ಒಂದು ವಜ್ರದಾಕಾರ, ಸುತ್ತ ಎಂಟು ಸಣ್ಣ ಚೌಕಗಳು, ಎರಡು ಬದಿಗೂ ಮುರ್ಗಿಯ ಒಂದೊಂದು ಸಾಲು. ಆಕೆಯ ತಾಯಿ ಕುಪ್ಪಸದ ಖಣಕ್ಕೆ ಹಾಕುತ್ತಿದ್ದ ವಿನ್ಯಾಸವಿದು. ಹೆಸರು ತನಗೆ ಗೊತ್ತಿತ್ತೆಂದು ಆಕೆ ಹೇಳುತ್ತಾಳೆ. ಅರವತ್ತೆರಡು ಚೀಟಿಗಳಲ್ಲಿ ಒಂದು ಖಾಲಿಯಿದೆ. ನಿಮ್ಮ ಮನೆಯ ಹಿರಿಯರಲ್ಲಿ ಯಾರಿಗಾದರೂ ಆ ಹೆಸರು ತಿಳಿದಿದ್ದರೆ ದಯವಿಟ್ಟು ಆಕಾಶವಾಣಿಯ ವಿಳಾಸಕ್ಕೆ ಒಂದು ಕಾಗದ ಬರೆಯಿರಿ.